ಕೇಳದೆ ಬಿಟ್ಟ ಪದ

ನ್ಯಾಮತಿಯ ಸರ್ಕಾರಿ ಶಾಲೆಗೆ ನಾನು ಟೀಚರಾಗಿ ಸೇರಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಆಗ ಅದು ಹೊನ್ನಾಳಿ ತಾಲೂಕಿಗೆ ಸೇರಿದ ಊರು. ನನಗೆ ಇಪ್ಪತ್ತಮೂರು ವರ್ಷ, ಮದುವೆಯಾಗಿರಲಿಲ್ಲ. ಚನ್ನಗಿರಿ ಕಡೆಯ ನಲ್ಲೂರಿನಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ತಂದು ಶಾಲೆಯ ಹತ್ತಿರವೇ ಒಂದು ಕೋಣೆ ಹಿಡಿದಿದ್ದೆ. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದ ಮೊದಲ ಹೆಣ್ಣು ನಾನು. ಯಾರೂ ಕೇಳದಿದ್ದರೂ ಆ ಸಂಗತಿಯನ್ನು ಹೇಗಾದರೂ ಮಾಡಿ ಮಾತಿನ ನಡುವೆ ತೂರಿಸುತ್ತಿದ್ದೆ. ಗೊತ್ತಿಲ್ಲ ಎಂದು ಹೇಳುವುದು ಮಾತ್ರ ನನ್ನಿಂದ ಆಗುತ್ತಿರಲಿಲ್ಲ. ಊರಿಗೆ ಹೊಸಬರು ದಾರಿ ಕೇಳಿದರೂ, ಗೊತ್ತಿರಲಿ ಬಿಡಲಿ, ಕೈ ತೋರಿಸಿ ಕಳಿಸುವವಳು ನಾನು.

ಸೇರಿದ ಎರಡನೇ ವರ್ಷ ಹೆಡ್‌ಮಾಸ್ತರರು ನನ್ನನ್ನು ಕರೆದು, "ವಯಸ್ಕರ ಶಿಕ್ಷಣದ ಕ್ಲಾಸು ಬಂದೈತೆ ನೋಡಮ್ಮ. ಹೆಂಗಸರಿಗೆ ಹೆಂಗಸೇ ಕಲಿಸಬೇಕಂತೆ. ನೀನೇ ಮಾಡು," ಎಂದರು. ಶಾಲೆ ಬಿಟ್ಟ ಮೇಲೆ, ಸಂಜೆ ಒಲೆ ಹಚ್ಚುವ ಹೊತ್ತಿನವರೆಗೆ, ಪಡಸಾಲೆಯಲ್ಲಿ ಕ್ಲಾಸು. ಶಾಲೆಯ ಹಿಂದಿನ ಬೀದಿಯಿಂದ ಹನ್ನೆರಡು ಹದಿಮೂರು ಜನ ಬರುತ್ತಿದ್ದರು. ಅಡಿಕೆ ಸುಲಿಯಲು ಹೋಗುವವರು, ಹೂವು ಮಾರುವವರು, ಸೂರಗೊಂಡನಕೊಪ್ಪದ ಕಡೆಯಿಂದ ಬಂದು ಊರಲ್ಲಿ ನೆಲೆಸಿದ್ದ ಒಬ್ಬ ಲಂಬಾಣಿ ಹೆಣ್ಣುಮಗಳು. ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸಿ ಕೂರುತ್ತಿದ್ದವರು ಒಬ್ಬ ಮುಸ್ಲಿಂ ಹೆಂಗಸು. ಐವತ್ತರ ಹತ್ತಿರದ ವಯಸ್ಸು. ಅವರ ಗಂಡ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಇವರು ಹಳೆಯ ಸೀರೆ, ಪಂಚೆ ಕೂಡಿಸಿ ಕೌದಿ ಹೊಲಿದು ಕೊಡುತ್ತಿದ್ದರು. ಊರಿನ ಅರ್ಧ ಮನೆಗಳ ಜನ ಅವರು ಹೊಲಿದ ಕೌದಿ ಹೊದ್ದು ಮಲಗುತ್ತಿದ್ದರು. ಎಲ್ಲರೂ ಅವರನ್ನು ಚಾಚಿ ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಕರೆದೆ. ಅವರು ನನ್ನನ್ನು ಅಕ್ಕೋರೆ ಎನ್ನುತ್ತಿದ್ದರು.

ಚಾಚಿಗೆ ಓದಿಗಿಂತ ಬರೆಯುವುದರ ಮೇಲೆ ಆಸೆ. ಅದರಲ್ಲೂ ತಮ್ಮ ಹೆಸರು. "ಎಲ್ಲಿಗೆ ಹೋದ್ರೂ ಹೆಬ್ಬೆಟ್ಟು ಒತ್ತು ಅಂತಾರೆ ಅಕ್ಕೋರೆ. ಒತ್ತಿ ಬಂದ್ಮೇಲೆ ತಲೆಗೆ ಒರೆಸಿಕೊಳ್ಳೋದು. ಒಂದ್ಸಲ ಆದ್ರೂ ಸಹಿ ಹಾಕಬೇಕು," ಎನ್ನುತ್ತಿದ್ದರು. ಮೂರು ತಿಂಗಳು ಹೆಣಗಿ ಕಲಿತರು. ಅವರ ಅಕ್ಷರಗಳು ಹೊಲಿಗೆಯ ಹಾಗೆಯೇ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಿ ಕೂರುತ್ತಿದ್ದವು.

ಅಷ್ಟರಲ್ಲಿ ಲೋಕಸಭೆ ಚುನಾವಣೆ ಬಂತು. ಎಂಬತ್ತನೆಯ ಇಸವಿ ಶುರುವಾಗುವ ಹೊತ್ತು. ಕ್ಲಾಸಿನ ಹೆಂಗಸರಿಗೆ ಚುನಾವಣೆಯ ಪದಗಳನ್ನು ಕಲಿಸಿ ಎಂದು ಮೇಲಿನಿಂದ ಒಂದು ಕಾಗದ ಬಂತು. ನನಗೆ ಖುಷಿಯೋ ಖುಷಿ. ಬೋರ್ಡಿನ ತುಂಬ ದುಂಡಗೆ ಬರೆದೆ: ಮತ, ಮತದಾರ, ಮತಪತ್ರ, ಮತಗಟ್ಟೆ, ಅಭ್ಯರ್ಥಿ, ಕ್ಷೇತ್ರ, ಚಿಹ್ನೆ, ಗುಪ್ತ ಮತದಾನ, ಬಹುಮತ. ಕೋಲು ಹಿಡಿದು ಒಂದೊಂದೇ ಓದಿಸಿದೆ.

ಮೊದಲ ಪದಕ್ಕೇ ಚಾಚಿ ತಡೆದರು. "ಮತ ಅಂದ್ರೆ ಧರ್ಮ ಅಲ್ವೇನ್ರಿ ಅಕ್ಕೋರೆ? ನಿಮ್ ಮತ ಬ್ಯಾರೆ, ನಮ್ ಮತ ಬ್ಯಾರೆ ಅಂತಾರಲ್ಲ. ಅದನ್ನ ಡಬ್ಬಿಗೆ ಹೆಂಗೆ ಹಾಕಾಕೆ ಬರ್ತದೆ?"

ನಾನು ನಕ್ಕುಬಿಟ್ಟೆ. ಉಳಿದವರೂ ನಕ್ಕರು. ನಗುವ ಮಾತೇ ಅಲ್ಲ ಅದು. ಒಂದೇ ಪದಕ್ಕೆ ಎರಡು ಅರ್ಥ ಹೇಗೆ ಬಂತು ಎಂದು ನಾನೇ ಯೋಚಿಸಿರಲಿಲ್ಲ. "ಮತ ಅಂದ್ರೆ ಅಭಿಪ್ರಾಯ. ನಿಮ್ಮ ಮನಸ್ಸಲ್ಲಿ ಯಾರು ಬೇಕು ಅನ್ನೋದು. ಓಟು ಅಂತೀವಲ್ಲ, ಅದೇ," ಎಂದೆ.

"ಓಟು ಅಂತ ಮೊದ್ಲೇ ಹೇಳಬಾರ್ದಾ?" ಎಂದು ಅವರೂ ನಕ್ಕರು.

ಕ್ಷೇತ್ರ ಎಂದಾಗ ಲಂಬಾಣಿ ಹೆಣ್ಣುಮಗಳು, "ಕ್ಷೇತ್ರ ಅಂದ್ರೆ ನಮ್ ಸೂರಗೊಂಡನಕೊಪ್ಪದ ಪುಣ್ಯಕ್ಷೇತ್ರ ಇದ್ದಂಗೇನ್ರಿ?" ಎಂದಳು. ಅಭ್ಯರ್ಥಿ ಎನ್ನುವುದನ್ನು ಯಾರಿಂದಲೂ ಸರಿಯಾಗಿ ಅನ್ನಿಸಲಾಗಲಿಲ್ಲ. ಅಬ್ಯಾರ್ತಿ, ಅಬ್ಬರತಿ ಎಂದೆಲ್ಲ ಆಗಿ ಕೊನೆಗೆ 'ಓಟಿಗೆ ನಿಂತೋರು' ಎಂದು ಒಪ್ಪಂದವಾಯಿತು. ಗುಪ್ತ ಎಂಬುದು ಮಾತ್ರ ಎಲ್ಲರಿಗೂ ಬಹಳ ಹಿಡಿಸಿತು. ಗಂಡನಿಗೂ ಹೇಳಬೇಕಾಗಿಲ್ಲ ಎಂದಾಗ ಹೂವು ಮಾರುವವಳು ಬಾಯಿಗೆ ಸೆರಗು ಹಿಡಿದು, "ಹಂಗಾರೆ ಚಲೋ ಆತು ಬಿಡ್ರಿ," ಎಂದಳು.

ಕೊನೆಗೆ ನಾನು ಬೋರ್ಡಿನ ಮುಂದೆ ನಿಂತು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ದೇಶದ ಪ್ರಧಾನಿಗೂ ಒಂದೇ ಓಟು, ನಿಮಗೂ ಒಂದೇ ಓಟು. ನಿಮ್ಮದನ್ನ ಯಾರೂ ಕಸ್ಕೊಳ್ಳಾಕೆ ಆಗಲ್ಲ."

ಚಾಚಿ ಆ ಮಾತನ್ನು ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ, "ಅಲ್ಲಿ ಸಹಿ ಹಾಕಾಕೆ ಬಿಡ್ತಾರೇನ್ರಿ?" ಎಂದು ಕೇಳಿದರು. ಬಿಡುತ್ತಾರೆ, ಮತಪತ್ರ ಹರಿದುಕೊಟ್ಟ ಮೇಲೆ ಪುಸ್ತಕದಲ್ಲಿ ಉಳಿಯುವ ಅರೆಚೀಟಿಯ ಮೇಲೆ ಸಹಿ ಹಾಕಬಹುದು ಎಂದೆ.

ಚುನಾವಣೆಯ ಕೆಲಸಕ್ಕೆ ನನ್ನನ್ನೂ ಹಾಕಿದರು. ಬುರ್ಖಾ ಹಾಕುವ ಹೆಂಗಸರು ಹೆಚ್ಚಿದ್ದ ಕಡೆ ಹೆಂಗಸರ ಬೂತಿಗೆ ಒಬ್ಬ ಲೇಡಿ ಟೀಚರಾದರೂ ಇರಬೇಕು ಎಂದು ನ್ಯಾಮತಿಯಲ್ಲೇ, ನಮ್ಮ ಶಾಲೆಯಲ್ಲೇ ಡ್ಯೂಟಿ. ಅದಕ್ಕೆ ಮೊದಲು ಹೊನ್ನಾಳಿಯಲ್ಲಿ ಒಂದು ದಿನ ತರಬೇತಿ. ಹೈಸ್ಕೂಲಿನ ಹಾಲಿನಲ್ಲಿ ಗಂಡಸರೇ ತುಂಬಿದ್ದರು. ಹೆಂಗಸರು ನಾವಿಬ್ಬರೇ, ನಾನು ಮತ್ತು ಹೊನ್ನಾಳಿಯ ಒಬ್ಬ ವಯಸ್ಸಾದ ಟೀಚರು. ತರಬೇತಿ ಕೊಡಲು ಬಂದ ಅಧಿಕಾರಿಗೆ ಬಹಳ ಅವಸರ. ಪುಸ್ತಕ ನೋಡಿಕೊಂಡು ಓದಿದ ಹಾಗೆ ಹೇಳುತ್ತ ಹೋದರು. ಪಟ್ಟಿಯಲ್ಲಿ ಹೆಸರು ಹುಡುಕಬೇಕು, ತಂದೆಯ ಹೆಸರೋ ಗಂಡನ ಹೆಸರೋ ಕೇಳಿ ಖಾತ್ರಿ ಮಾಡಿಕೊಳ್ಳಬೇಕು, ಗಟ್ಟಿಯಾಗಿ ಕೂಗಬೇಕು, ಹೆಸರಿನ ಕೆಳಗೆ ಗೆರೆ ಎಳೆಯಬೇಕು, ಹೆಂಗಸಾದರೆ ಒಂದು ಟಿಕ್ ಸಹ ಹಾಕಬೇಕು. ಅದೆಲ್ಲ ನಾನು ಬರೆದುಕೊಂಡೆ. ಒಬ್ಬ ಮೇಷ್ಟ್ರು ಎದ್ದುನಿಂತು ಏನೋ ಸಂಶಯ ಕೇಳಿದರು. ಅಧಿಕಾರಿ, "ಇಷ್ಟೂ ಗೊತ್ತಿಲ್ದೆ ಮಕ್ಕಳಿಗೆ ಏನ್ ಕಲಿಸ್ತೀರಿ?" ಎಂದುಬಿಟ್ಟರು. ಹಾಲೆಲ್ಲ ನಕ್ಕಿತು. ಆ ಮೇಷ್ಟ್ರು ಕೂತವರು ಮತ್ತೆ ತಲೆ ಎತ್ತಲಿಲ್ಲ.

ಅದಾದ ಕೂಡಲೇ ಅಧಿಕಾರಿ 'ಟೆಂಡರ್ ಓಟು' ಎಂದರು. ಅರ್ಧ ನಿಮಿಷದಲ್ಲಿ ಅದನ್ನು ಮುಗಿಸಿ ಮುಂದಕ್ಕೆ ಹೋದರು. ನನಗೆ ಟೆಂಡರ್ ಎಂದರೆ ಗೊತ್ತಿದ್ದುದು ಒಂದೇ. ಗೋವಿನಕೋವಿಯ ರಸ್ತೆಗೆ ಜಲ್ಲಿ ಹಾಕಲು ಟೆಂಡರ್ ಕರೆದಿದ್ದಾರೆ ಎಂದು ಜನ ಮಾತಾಡುತ್ತಿದ್ದರಲ್ಲ, ಅದು. ಓಟಿಗೂ ಟೆಂಡರಿಗೂ ಏನು ಸಂಬಂಧ? ಪುಸ್ತಕದಲ್ಲಿ 'ಟೆಂಡರ್' ಎಂದು ಬರೆದು ಮುಂದೆ ಜಾಗ ಬಿಟ್ಟೆ. ಪಕ್ಕದ ಟೀಚರು ಮೆಲ್ಲಗೆ, "ಅದೇನಮ್ಮ ಟೆಂಡರ್ ಅಂದ್ರೆ? ನಂಗೆ ತಿಳೀಲಿಲ್ಲ," ಎಂದರು.

"ಅದು ನಮಗಲ್ಲ ರೀ. ಬೂತಿನ ದೊಡ್ಡ ಆಫೀಸರ್ರು ನೋಡ್ಕೊಳ್ಳೋದು," ಎಂದೆ, ಗೊತ್ತಿದ್ದವಳ ಹಾಗೆ. ಅವರು ನನ್ನನ್ನು ನಂಬಿ ತಲೆಯಾಡಿಸಿದರು. ನಾವಿಬ್ಬರೂ ಸೇರಿ ಒಂದು ಕೈ ಎತ್ತಿದ್ದರೆ ಸಾಕಿತ್ತು.

ಓಟಿನ ದಿನ ಬೆಳಗ್ಗೆಯೇ ಸಾಲು ಗೇಟು ದಾಟಿತ್ತು. ನಾನು ಮೊದಲ ಮೇಜಿನಲ್ಲಿ ಮತದಾರರ ಪಟ್ಟಿ ಇಟ್ಟುಕೊಂಡು ಕೂತಿದ್ದೆ. ನನ್ನ ಪಕ್ಕ ಶಾಯಿ ಹಚ್ಚುವವರು, ಅವರ ಪಕ್ಕ ಮತಪತ್ರ ಕೊಡುವವರು. ಎದುರಿನ ಬೆಂಚಿನಲ್ಲಿ ಚುನಾವಣೆಗೆ ನಿಂತವರ ಕಡೆಯ ಏಜೆಂಟರು ಮೂವರು. ಬೂತಿಗೆಲ್ಲ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿ ಬೇರೆ ಇಲಾಖೆಯಿಂದ ಬಂದ ಹಿರಿಯರು, ಸಾಧು ಮನುಷ್ಯ. ಪೆಟ್ಟಿಗೆಯ ಹತ್ತಿರ ಕುರ್ಚಿ ಹಾಕಿಕೊಂಡು, ಮತಪತ್ರಗಳ ಬೆನ್ನಿಗೆ ಸಹಿ ಹಾಕುತ್ತ ಕೂತಿದ್ದರು.

ಹತ್ತು ಗಂಟೆಯ ಸುಮಾರಿಗೆ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು ಬಂದಳು. ಹೊಸದಾಗಿ ಮದುವೆಯಾಗಿ ಬಂದವಳು. ಮೊದಲ ಓಟು. ಕೈಯಲ್ಲಿ ನಂಬರಿನ ಚೀಟಿ ಇರಲಿಲ್ಲ. ಹೆಸರು ಹೇಳಿದಳು. ಚಾಚಿಯ ಹೆಸರೂ ಅದೇ. ಆ ಹೆಸರನ್ನು ಬರೆಯಲು ಕಲಿಸಿದವಳು ನಾನೇ. ಆದರೂ ಆ ಕ್ಷಣಕ್ಕೆ ನನಗೆ ಹೊಳೆಯಲಿಲ್ಲ, ಏಕೆಂದರೆ ಚಾಚಿಯನ್ನು ನಾನು ಹೆಸರಿನಿಂದ ಎಂದೂ ಕರೆದವಳಲ್ಲ.

"ಗಂಡನ ಹೆಸರೇನಮ್ಮ?" ಎಂದೆ.

ಅವಳು ನಾಚಿ ನೆಲ ನೋಡಿದಳು. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಹೆಂಗಸರು ಆಗ ನಮ್ಮ ಕಡೆ ಯಾವ ಜಾತಿಯಲ್ಲೂ ಇರಲಿಲ್ಲ. ಹಿಂದೆ ನಿಂತವರನ್ನು ಕೇಳಬಹುದಿತ್ತು. ಅವರು ಹೇಳುತ್ತಿದ್ದರು. ಆದರೆ ಸಾಲು ಉದ್ದ ಇತ್ತು, ಏಜೆಂಟರು "ಬೇಗ ಬೇಗ" ಎನ್ನುತ್ತಿದ್ದರು, ನನಗೂ ಚುರುಕು ಎನಿಸಿಕೊಳ್ಳುವ ಆಸೆ. ಪಟ್ಟಿಯಲ್ಲಿ ಆ ಹೆಸರು ಕಂಡಿತು. ಕೂಗಿದೆ, ಗೆರೆ ಎಳೆದೆ, ಟಿಕ್ ಹಾಕಿದೆ. ಪಟ್ಟಿಯಲ್ಲಿ ಅದರ ಕೆಳಗಿನ ಸಾಲಿನಲ್ಲಿ ಅದೇ ಹೆಸರು ಇನ್ನೊಂದು ಸಲ ಇದ್ದುದನ್ನು ನೋಡಲಿಲ್ಲ.

ಊಟದ ಹೊತ್ತು ದಾಟಿದ ಮೇಲೆ ಚಾಚಿ ಬಂದರು. ಒಗೆದು ಮಡಿಸಿಟ್ಟಿದ್ದ ಬುರ್ಖಾ ಹಾಕಿದ್ದರು, ಮುಖದ ಪರದೆ ಹಿಂದಕ್ಕೆ ಸರಿಸಿದ್ದರು. ನನ್ನನ್ನು ನೋಡಿ ಅವರ ಮುಖ ಅರಳಿತು. ಚೀಟಿಯನ್ನು ಮೇಜಿನ ಮೇಲಿಟ್ಟು, "ಸಲಾಂ ಅಕ್ಕೋರೆ, ಬಂದೀನಿ ನೋಡ್ರಿ. ಪೆನ್ನು ಕೊಡ್ತಾರಾ, ನಾನೇ ತರಬೇಕಿತ್ತಾ?" ಎಂದರು.

ಚೀಟಿಯ ನಂಬರು ನೋಡಿ ಪಟ್ಟಿ ತೆರೆದೆ. ಆ ಹೆಸರಿಗೆ ಆಗಲೇ ಗೆರೆ ಬಿದ್ದಿತ್ತು, ಟಿಕ್ ಬಿದ್ದಿತ್ತು. ನನ್ನದೇ ಕೈ.

"ಚಾಚಿ, ನಿಮ್ಮ ಓಟು ಆಗಿಹೋಗೈತೆ," ಎಂದೆ.

"ಹೆಂಗಾಗ್ತದೆ? ಈಗ್ಲೇ ಮನೆಯಿಂದ ಬರ್ತಾ ಇದೀನಿ."

"ಇಲ್ಲಿ ಗುರುತು ಐತಲ್ಲ."

"ಗುರುತು ಇರಬಹುದು ಅಕ್ಕೋರೆ, ನಾನು ಬಂದಿಲ್ಲ. ನೀವೇ ಇಲ್ಲಿ ಕುಂತೀರಿ. ನಾನು ಬಂದಿದ್ರೆ ನಿಮಗೆ ಕಾಣಿಸ್ತಿರಲಿಲ್ಲೇನು?"

ಅದಕ್ಕಿಂತ ಸರಿಯಾದ ಮಾತು ಆ ದಿನ ಆ ಬೂತಿನಲ್ಲಿ ಯಾರೂ ಆಡಿರಲಿಲ್ಲ. ಆದರೆ ಸಾಲು ಗುಜುಗುಜು ಎನ್ನತೊಡಗಿತ್ತು. ಏಜೆಂಟರು ತಮ್ಮ ಪಟ್ಟಿಗಳನ್ನು ನೋಡಿ, "ಹೌದು, ಬೆಳಿಗ್ಗೇನೇ ಆಗೈತೆ," ಎಂದರು. ನಾನು ಕೂಗಿದ್ದನ್ನೇ ಅವರೂ ಗುರುತು ಮಾಡಿಕೊಂಡಿದ್ದರು. ಎಲ್ಲರ ಕಣ್ಣೂ ನನ್ನ ಮೇಲೆ. ತಪ್ಪು ನನ್ನದಿರಬಹುದು ಎಂಬ ಸಣ್ಣ ಅನುಮಾನ ಆಗಲೇ ಎದೆಯಲ್ಲಿ ಆಡಿತು. ಅದನ್ನು ಅದುಮಿಬಿಡಲು ನನಗೆ ಏನಾದರೂ ಬೇಕಾಗಿತ್ತು. ಚಾಚಿಯ ಎಡಗೈ ಮೇಜಿನ ಮೇಲಿತ್ತು. ತೋರುಬೆರಳಿನ ತುದಿ ಕಪ್ಪಾಗಿತ್ತು.

ಆ ಬೆರಳನ್ನು ಹಿಡಿದೆತ್ತಿದೆ. "ಇದೇನು ಮತ್ತೆ? ಶಾಯಿ ಅಲ್ವಾ? ನೀನು ಆಗಲೇ ಹಾಕಿದೀಯ!"

"ಅದು ಮೆಹಂದಿ ಅಕ್ಕೋರೆ. ತಂಗಿ ಮಗಳ ಮದುವೆ ಇತ್ತಲ್ಲ..."

ಅದು ಮೆಹಂದಿ ಎಂದು ನನಗೆ ಗೊತ್ತಿತ್ತು. ಉಳಿದ ಬೆರಳುಗಳಲ್ಲೂ ಅದೇ ಬಣ್ಣ ಇತ್ತು. ಹತ್ತು ದಿನದ ಹಿಂದೆ ಕ್ಲಾಸಿಗೆ ಬಂದಾಗ ಆ ಕೈಗಳನ್ನು ಎಲ್ಲರೂ ಹಿಡಿದು ನೋಡಿದ್ದೆವು. ಆದರೂ ಬೆರಳನ್ನು ಎತ್ತಿ ಹಿಡಿದೇ ಇದ್ದೆ. ಒಬ್ಬ ಏಜೆಂಟ್ ನಗುತ್ತ, "ಚಾಚಿಗೆ ಎರಡೆರಡು ಓಟು ಬೇಕಂತೆ!" ಎಂದ. ಸಾಲಿನಲ್ಲಿದ್ದವರು ನಕ್ಕರು. ಅದರಲ್ಲಿ ನಮ್ಮ ಕ್ಲಾಸಿನವರೂ ಇದ್ದರು.

ಚಾಚಿ ಬೆರಳನ್ನು ಬಿಡಿಸಿಕೊಂಡರು. "ದೊಡ್ಡ ಸಾಹೇಬರನ್ನ ಒಂದ್ ಮಾತು ಕೇಳ್ರಿ," ಎಂದರು, ಮೆಲ್ಲಗೆ.

"ಕೇಳೋದೇನಿಲ್ಲ. ಆಗಿದ್ದು ಆಗಿಹೋತು. ಸಾಲು ನಿಂತೈತೆ, ಹೊರಗೆ ಹೋಗು."

ಅವರು ಚೀಟಿ ತೆಗೆದುಕೊಂಡರು. ಮುಖದ ಮೇಲೆ ಪರದೆ ಇಳಿಸಿಕೊಂಡು, ಸಾಲಿನ ಪಕ್ಕದಲ್ಲೇ, ಎಲ್ಲರ ಎದುರಿಗೆ ನಡೆದು ಹೋದರು. ಹತ್ತಡಿ ದೂರದಲ್ಲಿ ಕುಳಿತಿದ್ದ ಅಧ್ಯಕ್ಷಾಧಿಕಾರಿ ತಲೆಯೆತ್ತಿ, "ಏನಮ್ಮ ಗಲಾಟೆ?" ಎಂದರು. "ಏನಿಲ್ಲ ಸಾರ್," ಎಂದೆ.

ಮೂರು ಗಂಟೆಯ ಮೇಲೆ ಜನ ತೆಳುವಾದರು. ನಾನು ಪಟ್ಟಿಯ ಆ ಹಾಳೆಯನ್ನು ಮತ್ತೆ ತೆಗೆದೆ. ಒಂದೇ ಹೆಸರು, ಎರಡು ಸಾಲುಗಳಲ್ಲಿ. ಮೇಲಿನದು ಚಾಚಿಯದು, ಗಂಡನ ಹೆಸರು ಕಲಾಯಿಯವರದು. ಕೆಳಗಿನದು ಖಾಲಿ, ವಯಸ್ಸು ಇಪ್ಪತ್ತೆರಡು. ನೆಲ ನೋಡಿದ ಆ ಹುಡುಗಿಯ ಮುಖ ಕಣ್ಣ ಮುಂದೆ ಬಂತು.

ಇನ್ನೂ ಸಮಯ ಇತ್ತು. ಚಾಚಿಯ ಮನೆ ಕೂಗಿದರೆ ಕೇಳುವಷ್ಟು ಹತ್ತಿರ. ಶಾಲೆಯ ಆಯಾ ಹೊರಗೆ ಕೂತಿದ್ದಳು, ಕಳಿಸಿದ್ದರೆ ಐದು ನಿಮಿಷ. ಎದ್ದು ಹೋಗಿ ಅಧ್ಯಕ್ಷಾಧಿಕಾರಿಗೆ ಹೇಳಿದ್ದರೆ ಅವರು ಏನಾದರೂ ದಾರಿ ಹೇಳುತ್ತಿದ್ದರು. ನಾನು ಏಳಲಿಲ್ಲ. ಮೆಮೋ ಕೊಡುತ್ತಾರೆ ಎಂದುಕೊಂಡೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದೂ ನೆಪವೇ ಎಂದು ಈಗ ಅನ್ನಿಸುತ್ತದೆ. ನಿಜವಾದ ಭಯ ಆ ಮೂವರು ಏಜೆಂಟರ ನಗು. ಮಧ್ಯಾಹ್ನ ಚಾಚಿಯನ್ನು ನೋಡಿ ನಕ್ಕವರು ಈಗ ನನ್ನನ್ನು ನೋಡಿ ನಗುತ್ತಾರೆ ಎಂಬುದು. ಹಾಳೆ ಮಗುಚಿ ಕೂತೆ.

ಮತದಾನ ಮುಗಿದು, ಪೆಟ್ಟಿಗೆಗೆ ದಾರ ಕಟ್ಟಿ ಅರಗಿನ ಮುದ್ರೆ ಒತ್ತಿದ ಮೇಲೆ, ಅಧ್ಯಕ್ಷಾಧಿಕಾರಿ ಫಾರಂಗಳನ್ನು ತುಂಬತೊಡಗಿದರು. ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ ನಮ್ಮನ್ನು ಕೇಳುತ್ತಿದ್ದರು.

"ಟೆಂಡರ್ ಓಟು ಎಷ್ಟು?"

"ಇಲ್ಲ ಸಾರ್, ಒಂದೂ ಇಲ್ಲ," ಎಂದೆ. ಅವರು ಅಲ್ಲೊಂದು ಸೊನ್ನೆ ಬರೆದರು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕೆಲಸ ಮುಗಿದ ಹಗುರದಲ್ಲಿ, ಈಗ ನಗುವವರು ಯಾರೂ ಇಲ್ಲ ಎಂಬ ಧೈರ್ಯದಲ್ಲಿ, "ಹಂಗಂದ್ರೆ ಏನ್ ಸಾರ್?" ಎಂದು ಕೇಳಿದೆ.

ಅವರು ಕನ್ನಡಕ ತೆಗೆದು ಸಮಾಧಾನದಿಂದ ಹೇಳಿದರು. "ಒಬ್ಬರ ಹೆಸರಲ್ಲಿ ಬೇರೆ ಯಾರೋ ಓಟು ಹಾಕಿ ಹೋಗಿರ್ತಾರೆ ಅಂತಿಟ್ಕೊಳ್ಳಮ್ಮ. ಆಮೇಲೆ ನಿಜವಾದೋರು ಬರ್ತಾರೆ. ಅವರನ್ನ ಹಂಗೇ ಕಳಿಸೋ ಹಾಗಿಲ್ಲ. ಪ್ರಶ್ನೆ ಕೇಳಿ, ಅವರೇ ಹೌದು ಅಂತಾದ್ರೆ ಇನ್ನೊಂದು ಮತಪತ್ರ ಕೊಡ್ಬೇಕು. ಸಹಿ ಹಾಕಿಸಿಕೊಂಡು, ಅವರು ಗುರುತು ಮಾಡಿದ್ದನ್ನ ಪೆಟ್ಟಿಗೆಗೆ ಹಾಕದೆ ಲಕೋಟೆಯಲ್ಲಿ ಬೇರೆ ಇಡೋದು. ಅದೇ ಟೆಂಡರ್ ಓಟು. ಯಾಕಮ್ಮ, ಹಂಗೆ ಯಾರಾದ್ರೂ ಬಂದಿದ್ರೇನು?"

"ಇಲ್ಲ ಸಾರ್," ಎಂದೆ.

ಈ 'ಇಲ್ಲ ಸಾರ್' ಬಾಯಿಂದ ಬಂದದ್ದು ಎಷ್ಟು ಸಲೀಸಾಗಿತ್ತು ಎಂದರೆ, ನನಗೇ ನನ್ನ ಬಗ್ಗೆ ಹೆದರಿಕೆಯಾಯಿತು. ಮಧ್ಯಾಹ್ನ ಚಾಚಿಯನ್ನು ಕಳಿಸಿಬಿಟ್ಟದ್ದು ನಿಯಮ ತಿಳಿಯದೆ ಮಾಡಿದ್ದು ಎನ್ನಬಹುದು. ಇದು ತಿಳಿದು ಹೇಳಿದ್ದು.

ಚಾಚಿ ಮತ್ತೆ ಕ್ಲಾಸಿಗೆ ಬರಲಿಲ್ಲ. ವಾರವಾದ ಮೇಲೆ ಹೂವು ಮಾರುವವಳನ್ನು ಕೇಳಿದೆ. "ಅವರ ಗಂಡ ಬ್ಯಾಡ ಅಂದ್ರಂತೆ ರೀ. ಓದಾಕೆ ಹೋಗಿ ಮಾನ ಕಳ್ಕೊಂಡು ಬಂದ್ಲು ಅಂತ," ಎಂದಳು. ಹೇಳುವಾಗ ಅವಳಿಗೆ ನನ್ನ ಮೇಲೇನೂ ಸಿಟ್ಟಿರಲಿಲ್ಲ. ಚಾಚಿಯೇ ಯಾವುದೋ ಪಕ್ಷದವರ ಮಾತು ಕೇಳಿ ಎರಡು ಸಲ ಹಾಕಲು ಹೋಗಿದ್ದರು ಎಂದು ಬೀದಿಯೆಲ್ಲ ನಂಬಿತ್ತು. ಟೀಚರೇ ಬೆರಳು ಹಿಡಿದು ತೋರಿಸಿದ ಮೇಲೆ ನಂಬದೆ ಏನು ಮಾಡುತ್ತಾರೆ?

ದಾರಿಯಲ್ಲಿ ಚಾಚಿ ಎದುರಾದರೆ ನಾನು ಅಂಗಡಿಯ ಕಡೆ ತಿರುಗುತ್ತಿದ್ದೆ. ಅವರ ಬೀದಿಯನ್ನು ಬಿಟ್ಟು ಸುತ್ತು ದಾರಿಯಲ್ಲಿ ಶಾಲೆಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡೆ. ಮದುವೆಯಾಯಿತು. ಗಂಡನಿಗೆ ಹತ್ತಿರದ ಹೊನ್ನಾಳಿಯಲ್ಲಿ ಕೆಲಸವಿದ್ದುದರಿಂದ ನ್ಯಾಮತಿಯಲ್ಲೇ ಮನೆ ಮಾಡಿದೆವು. ನಡುವೆ ವಿಧಾನಸಭೆಯ ಚುನಾವಣೆ ಬಂದಾಗ ನಾನು ಬಾಣಂತಿ, ಡ್ಯೂಟಿ ತಪ್ಪಿತು. ಒಳಗೊಳಗೇ ನಿರಾಳವಾಯಿತು. ಗಂಡನಿಗೂ ಈ ಸಂಗತಿ ಹೇಳಿರಲಿಲ್ಲ.

ಹೀಗೆ ಐದು ವರ್ಷ ಹತ್ತಿರ ಬಂತು. ಒಂದು ದಿನ ಶಾಲೆಗೆ ಹೊಸದಾಗಿ ಸೇರಿದ ಮಗುವಿನ ತಾಯಿಯನ್ನು, "ನಿಮ್ಮ ಮನೆ ಎಲ್ಲಿ ಬರ್ತದಮ್ಮ?" ಎಂದು ಕೇಳಿದೆ. ಆಕೆ ಊರಿಗೆ ಬಂದು ತಿಂಗಳೂ ಆಗಿರಲಿಲ್ಲ. "ಇಲ್ಲೇ ರೀ, ಎರಡ್ ಓಟಿನ ಚಾಚಿ ಮನೆ ಎದುರಿಗೆ," ಎಂದಳು.

"ಯಾರು?"

"ಎರಡ್ ಓಟಿನ ಚಾಚಿ. ಕೌದಿ ಹೊಲೀತಾರಲ್ಲ. ಎಲ್ಲರೂ ಹಂಗೇ ಅಂತಾರ್ರಿ, ಯಾಕೋ ನಂಗೊತ್ತಿಲ್ಲ."

ಆಕೆಗೆ ಅದು ಮನೆ ಗುರುತು ಅಷ್ಟೆ. ನಾನು ಹಾಜರಿ ಪುಸ್ತಕ ಮುಚ್ಚಿ, ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದೆ. ಎಂಬತ್ತನಾಲ್ಕರ ಕೊನೆ ಅದು. ಇನ್ನೊಂದು ಲೋಕಸಭೆ ಚುನಾವಣೆಗೆ ಗೋಡೆಗಳಿಗೆ ಸುಣ್ಣ ಬಳಿದು ಚಿಹ್ನೆ ಬರೆಯುತ್ತಿದ್ದರು. ನನಗೆ ಜಗಳೂರು ತಾಲೂಕಿಗೆ ವರ್ಗವಾಗುವ ಸುದ್ದಿಯೂ ಇತ್ತು. ಹೋದರೆ ಇನ್ನು ಹೇಳುವುದಿಲ್ಲ ಎಂದು ಗೊತ್ತಿತ್ತು.

ಮರುದಿನ ಸಂಜೆ ಚಾಚಿಯ ಮನೆಗೆ ಹೋದೆ. ಅವರು ಹೊಸ್ತಿಲ ಬೆಳಕಿಗೆ ಕೂತು ಕೌದಿಯ ಅಂಚು ಹೊಲಿಯುತ್ತಿದ್ದರು. ವಯಸ್ಸಾಗಿತ್ತು. "ಬರ್ರಿ ಅಕ್ಕೋರೆ," ಎಂದರು, ನಿನ್ನೆ ಮೊನ್ನೆ ಕಂಡವರ ಹಾಗೆ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಹೊಸ ಮದುವೆಯ ಹುಡುಗಿ, ಗೆರೆ ತಪ್ಪಿದ್ದು, ಮೂರು ಗಂಟೆಗೆ ತಿಳಿದದ್ದು, ಟೆಂಡರ್ ಓಟು ಎಂಬುದೊಂದು ಇದ್ದದ್ದು, ಅಧಿಕಾರಿ ಕೇಳಿದಾಗ ಇಲ್ಲ ಎಂದದ್ದು. ಹೇಳುತ್ತ ಅಳು ಬಂತು. ಅವರು ಹೊಲಿಗೆ ನಿಲ್ಲಿಸಿ ಕೇಳಿದರು.

ಮುಗಿದ ಮೇಲೆ, "ಇದನ್ನ ನನಗ್ಯಾಕೆ ಹೇಳ್ತೀರಿ?" ಎಂದರು. "ನಾನು ಹಾಕಿಲ್ಲ ಅಂತ ನನಗೆ ಗೊತ್ತೇ ಐತಲ್ಲ. ಗೊತ್ತಿಲ್ದೋರಿಗೆ ಹೇಳ್ರಿ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.

"ಓಟು ಹೋದ್ರೆ ಹೋಗ್ಲಿ ಅಕ್ಕೋರೆ, ಮತ್ತೆ ಬರ್ತದೆ, ಈಗ ಬಂದೈತಲ್ಲ. ಅವತ್ತು ನನಗೆ ನೀನು ಅಂದ್ರಿ. ಅಲ್ಲಿವರೆಗೂ ನೀವು ಅಂತಿದ್ರಿ. ಬೆರಳು ಹಿಡ್ಕೊಂಡು ಎಲ್ಲರಿಗೂ ತೋರಿಸಿದ್ರಿ. ನಮ್ಮನೆಯೋರು ಸಾಯೋವರೆಗೂ ನನ್ನ ಪೂರ್ತಿ ನಂಬಲಿಲ್ಲ."

ಕಲಾಯಿಯವರು ತೀರಿಕೊಂಡಿದ್ದು ನನಗೆ ತಿಳಿದೇ ಇರಲಿಲ್ಲ. ಆ ಬೀದಿಯನ್ನು ಅಷ್ಟು ಚೆನ್ನಾಗಿ ತಪ್ಪಿಸಿಕೊಂಡಿದ್ದೆ.

"ನಾಳಿದ್ದು ಮಧ್ಯಾಹ್ನ ಇಲ್ಲಿ ಐದಾರು ಜನ ಸೇರ್ತಾರೆ, ಮದುವೆಗೆ ಕೊಡೋ ಕೌದಿ ಐತೆ, ಕೂಡಿ ಹೊಲೀತೀವಿ. ಬರ್ರಿ. ಬಂದು ಹೇಳ್ರಿ," ಎಂದು ಮತ್ತೆ ಸೂಜಿ ಎತ್ತಿಕೊಂಡರು.

ಹೋಗದೆ ಇರಲು ಎರಡು ದಿನ ನೂರು ಕಾರಣ ಹುಡುಕಿದೆ. ಆದರೂ ಹೋದೆ. ಹೊರಡುವ ಮೊದಲು ಗಂಡನಿಗೆ ಹೇಳಿದೆ. ಅವರು, "ಹಳೇದು ಬಿಡು, ಈಗ್ಯಾಕೆ?" ಎಂದರು. ಅವರ ಮಾತು ಕೇಳಿಬಿಡೋಣ ಎಂದು ಬಹಳ ಆಸೆಯಾಯಿತು.

ದೊಡ್ಡ ಕೌದಿಯನ್ನು ನೆಲದ ಮೇಲೆ ಹರಡಿ ಸುತ್ತಲೂ ಏಳು ಜನ ಕೂತಿದ್ದರು. ಹೂವು ಮಾರುವವಳು, ಲಂಬಾಣಿ ಹೆಣ್ಣುಮಗಳು, ಅಡಿಕೆ ಸುಲಿಯುವ ಇಬ್ಬರು, ಅಕ್ಕಪಕ್ಕದವರು. ನನ್ನನ್ನು ನೋಡಿ ಎಲ್ಲರೂ ಸರಿದು ಜಾಗ ಮಾಡಿದರು. ಚಾಚಿ, "ಅಕ್ಕೋರು ಏನೋ ಹೇಳಬೇಕಂತೆ," ಎಂದು ತಲೆ ತಗ್ಗಿಸಿದರು.

"ಆ ಸಲ ಓಟಿನ ದಿನ ಪಟ್ಟಿಯಲ್ಲಿ ಒಂದು ತಪ್ಪಾಗಿತ್ತು," ಎಂದು ಶುರುಮಾಡಿದೆ. "ಒಂದೇ ಹೆಸರಿನವರು ಇಬ್ಬರಿದ್ದರು. ಹೆಸರು ಅದಲುಬದಲಾಗಿ, ಚಾಚಿಯ ಹೆಸರಿಗೆ ಗುರುತು ಬಿದ್ದುಹೋಗಿತ್ತು..."

ಚಾಚಿ ತಲೆ ಎತ್ತದೆ ಹೇಳಿದರು. "ಆಗಿತ್ತು ಅಲ್ಲ ಅಕ್ಕೋರೆ. ಮಾಡಿದ್ದೆ ಅನ್ರಿ."



"ನಾನು ತಪ್ಪು ಮಾಡಿದ್ದೆ," ಎಂದೆ. "ಗುರುತು ನಾನೇ ಹಾಕಿದ್ದೆ. ಚಾಚಿ ಒಂದೂ ಓಟು ಹಾಕಿರಲಿಲ್ಲ. ಬೆರಳಲ್ಲಿ ಇದ್ದದ್ದು ಮೆಹಂದಿ. ಅದು ಮೆಹಂದಿ ಅಂತ ನನಗೆ ಗೊತ್ತಿತ್ತು."

ಕೊನೆಯ ಮಾತನ್ನು ಚಾಚಿಗೂ ಹೇಳಿರಲಿಲ್ಲ. ಅವರು ಆಗ ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಆ ನೋಟವನ್ನು ನಾನು ಬರೆಯಲಾರೆ.

ಅಡಿಕೆ ಸುಲಿಯುವ ಒಬ್ಬಾಕೆ, "ಅಯ್ಯೋ, ಇಷ್ಟೇನಾ, ಹೋಗ್ಲಿ ಬಿಡ್ರಿ ಅಕ್ಕೋರೆ," ಎಂದಳು. ಹೂವು ಮಾರುವವಳಿಗೆ ಮಾತ್ರ ಸಿಟ್ಟು ಬಂತು. "ಹೆಂಗ್ ಹೋಗ್ಲಿ ಬಿಡಾದು? ನಾನು ಆ ಸಾಲಲ್ಲಿ ನಿಂತು ನಕ್ಕಿದ್ದೆ. ಐದು ವರ್ಷ ಇವರನ್ನ ಆಡ್ಕೊಂಡೀವಿ. ನಮ್ ಕೈಲಿ ಪಾಪ ಮಾಡಿಸಿದ್ರಲ್ರಿ ನೀವು," ಎಂದು ಎದ್ದುಹೋದಳು. ಅವಳು ಹೇಳಿದ್ದು ಸರಿ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

ಚಾಚಿ ಚಹಾ ಮಾಡಿಸಿದರು. ಕುಡಿದೆ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವಾಗ, "ಈ ಸಲ ಓಟು ಹಾಕಾಕೆ ನಿಮ್ಮ ಜೊತೆ ನಾನೂ ಬರಲೇನು?" ಎಂದೆ. "ಬ್ಯಾಡ. ನನಗೆ ದಾರಿ ಗೊತ್ತೈತೆ," ಎಂದರು. ಆ ಚುನಾವಣೆಯಲ್ಲಿ ನನಗೆ ಗೋವಿನಕೋವಿಯಲ್ಲಿ ಡ್ಯೂಟಿ ಬಿತ್ತು. ಚಾಚಿ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ಸಾಲಿನ ಮುಂದೆ ನಿಂತಿದ್ದರು ಎಂದು ಆಮೇಲೆ ಲಂಬಾಣಿ ಹೆಣ್ಣುಮಗಳು ಹೇಳಿದಳು. ಅಡ್ಡಹೆಸರು ಮಾತ್ರ ಪೂರ್ತಿ ಹೋಗಲಿಲ್ಲ. ನಾನು ಊರು ಬಿಡುವ ವಾರ ಕೂಡ ಸಂತೆಯಲ್ಲಿ ಒಬ್ಬರು ಹಾಗೆಯೇ ಕರೆದದ್ದು ಕೇಳಿಸಿತು. ನಾನು ಅವರನ್ನು ತಡೆದು ತಿದ್ದಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಜಗಳೂರಿಗೆ ಹೋದ ಮೇಲೆ ನಾಲ್ಕೈದು ವರ್ಷಗಳಲ್ಲಿ ಚುನಾವಣೆಯ ಕೆಲಸದಲ್ಲಿ ನಾನು ಹಳಬಳಾದೆ. ದಶಕದ ಕೊನೆಯ ಚುನಾವಣೆಗೆ ಹೊಸ ಟೀಚರುಗಳಿಗೆ ತಿಳಿಸಿ ಹೇಳಲು ನನ್ನನ್ನೇ ನಿಲ್ಲಿಸಿದರು. ಟೆಂಡರ್ ಓಟಿನ ವಿಷಯ ಬಂದಾಗ ನಿಧಾನವಾಗಿ, ಎರಡೆರಡು ಸಲ ವಿವರಿಸಿದೆ. ತಿಳಿಯದವರು ಕೈ ಎತ್ತಿ, ಯಾರೂ ನಗುವುದಿಲ್ಲ ಎಂದೆ. ಹಿಂದಿನ ಸಾಲಿನ ಒಬ್ಬಳು ಕೈ ಎತ್ತಿ, "ಇದನ್ನ ಮರೆತ್ರೆ ಏನಾಗ್ತದೆ ಮೇಡಂ?" ಎಂದಳು.

ಹೇಳುವ ಸಮಯ ಅದೇ ಆಗಿತ್ತು. ನಾನು ಹೇಳಿದೆ ಕೂಡ. ಆದರೆ, "ಹೊನ್ನಾಳಿ ಕಡೆ ಒಬ್ಬರು ಟೀಚರು ಹಿಂಗೇ ಮಾಡಿದ್ರಂತೆ," ಎಂದು ಶುರುಮಾಡಿದೆ. ಮೆಹಂದಿಯ ಬೆರಳನ್ನು ಎತ್ತಿ ಹಿಡಿದ ಭಾಗ ಬಂದಾಗ ಹಾಲಿನಲ್ಲಿ ಹಲವರು ಜೋರಾಗಿ ನಕ್ಕರು. "ಎಂಥ ಟೀಚರು ಮೇಡಂ ಅವರು!" ಎಂದಳು ಆ ಹುಡುಗಿ. ನಾನೂ ಅವರ ಜೊತೆ ನಕ್ಕು, ಪುಸ್ತಕದ ಹಾಳೆ ತಿರುವಿ, ಮುಂದಿನ ವಿಷಯಕ್ಕೆ ಹೋದೆ.